ಹುಣಿಸೆಬೀಜದ ಅಂಟು

ಹುಣಿಸೆಬೀಜ ಹುರಿದು, ಸಿಪ್ಪೆ ಕಳೆದು, ನೆನೆಸಿ, ಅರೆದು
ಅಂಟು ಕಾಸುವವಳು ನಾನು, ದ್ಯಾವಿ.
ಇದ್ದಿಲಪುಡಿ ಕಲಸಿ ಬಟ್ಟೆಗೆ ಎರಡೂ ಬದಿ ಬಳಿದು
ಬಿಸಿಲಿಗೆ ಹಾಕಿದರೆ ಕಡತ.
ಅದರ ಮೇಲೆ ಬಳಪದಲ್ಲಿ ಹೊಂಗಲ್ಲು ಕೋಟೆಯ
ಮೆಣಸಿನ ಲೆಕ್ಕ, ಘಟ್ಟದ ಸುಂಕ,
ಯಾರ ಮಗಳು ಯಾರ ಮನೆಗೆ, ಎಷ್ಟು ಕುದುರೆಗೆ.
ನನಗೆ ಓದು ಬಾರದು.
ಅದಕ್ಕೇ ಈ ಕೆಲಸ ಕೊಟ್ಟದ್ದು.

ವಿದ್ಯಾನಗರಿ ಉರಿದ ಸುದ್ದಿ ಬಂದ ವರ್ಷ
ನಮ್ಮ ಒಡೆಯರು ಬೇಟೆಯಲ್ಲಿ ತೀರಿಕೊಂಡರು.
ಹಂದಿ ತಿವಿಯಿತು ಅಂದರು.
ಹೆಣ ತೊಳೆದ ನನ್ನ ಅತ್ತಿಗೆ
ಹಂದಿಗೆ ಬೆನ್ನಲ್ಲೇನು ಕೆಲಸ ಅಂದಳು ಒಮ್ಮೆ,
ಆಮೇಲೆ ಬಾಯಿ ಬಿಡಲಿಲ್ಲ.
ಆರು ವರ್ಷದ ಕೂಸು ಪಟ್ಟದ ಮೇಲೆ,
ತಾಯಿ ಸೋಮಲಮ್ಮ ಪರದೆಯ ಹಿಂದೆ,
ಚಿಕ್ಕಪ್ಪ ಕೆಂಚರಸ ಪರದೆಯ ಮುಂದೆ.

ಕೂಸಿಗೆ ಆಡಲು ಜೊತೆಯಿಲ್ಲ.
ನನ್ನ ಬಟ್ಟೆ ಒಣಗಿದ ಮೂಲೆಯಲ್ಲಿ ಕೂತು
ತನ್ನ ಹೆಸರು ಗೀಚುತ್ತಿತ್ತು: ಬೊಮ್ಮರಸ.
"ಮ-ದ ಕೆಳಗೆ ಇನ್ನೊಂದು ಮ ಜೋತುಬಿದ್ದಿದೆ ನೋಡು ದ್ಯಾವಿ,
ಬಾವಲಿ ಮರಿ ಹಾಗೆ."
ನನಗೆ ಗೊತ್ತಿರುವ ಅಕ್ಷರ ಅದೊಂದೇ.

ಮಾಘದಲ್ಲಿ ಕರಣಿಕ ವೆಂಕಪಯ್ಯ ಕಡತವೊಂದು ತಂದ,
ಮಡಿಕೆ ಇನ್ನೂ ಸವೆದಿರಲಿಲ್ಲ.
"ಇವತ್ತೇ ಬಳಿ" ಅಂದ. ಮುಖ ನೋಡಲಿಲ್ಲ.
ಬಿಚ್ಚಿದೆ.
ಮೂರನೆಯ ಮಡಿಕೆಯಲ್ಲಿ ಬಾವಲಿ ಮರಿ ಜೋತಿತ್ತು.
ಅದರ ಕೆಳಗೆ ಕೆಂಚರಸನ ಕತ್ತಿಯ ಗುರುತು,
ಪಕ್ಕದಲ್ಲಿ ಕಾರೆಗುಡ್ಡದವರ ಕತ್ತಿಯ ಗುರುತು,
ನಮಗೂ ಅವರಿಗೂ ಬೆಂಕಿ ನೀರು ಇಲ್ಲವೆಂದು
ಊರಿಗೆಲ್ಲ ಡಂಗುರ ಹೊಡೆಸಿದ್ದ ಕಾಲ ಅದು.

ಎರಡು ಮಡಿಕೆ ಬಳಿದೆ, ಮೂರನೆಯದು ಬಿಟ್ಟೆ.
ಸೀಗೆಪುಡಿ ಕೊಡುವ ನೆಪದಲ್ಲಿ
ಸೋಮಲಮ್ಮನವರ ಬಚ್ಚಲಿಗೆ ಹೋದೆ, ಸೆರಗೆಲ್ಲ ಮಸಿ.
ಓದಿದರು. ಕೂಗಲಿಲ್ಲ.
ಹಸಿ ಅಂಟಿಗೆ ತಾವೇ ಬೆರಳೊತ್ತಿ ಎಳೆದು
ಆ ಮಡಿಕೆ ಕಪ್ಪು ಮಾಡಿದರು,
ಓಲೆ ಬಿಚ್ಚಿ ಅಂಬಿಗನಿಗೆ ಕಳಿಸಿದರು.
ಬೆಳಗ್ಗೆ ದೋಣಿ ಶರಾವತಿಯ ಆಚೆ ದಡದಲ್ಲಿತ್ತು.

ಹದಿನಾಲ್ಕು ವರ್ಷ.
ಕೆಂಚರಸ ಉಂಡ, ಆಳಿದ, ದಪ್ಪಗಾದ.
ನಾನು ಬೀಜ ಹುರಿದೆ.

ಮೊನ್ನೆ ಹೆಬ್ಬಾಗಿಲು ಒಡೆದು ಬಂದವನಿಗೆ ಮೀಸೆಯಿದೆ.
ಕಾರೆಗುಡ್ಡದ ಅಳಿಯನಂತೆ ಈಗ.
ಕೆಂಚರಸನ ತಲೆ ಅದೇ ಬಾಗಿಲ ಮೇಲೆ.
ಹುಡುಕಿಕೊಂಡು ಬಂದು ನನ್ನ ಕಾಲು ಮುಟ್ಟಿದ,
ಅತ್ತ, ನಾನೂ ಅತ್ತೆ.
ಆಮೇಲೆ ಸೊಂಟದಿಂದ ಕಡತ ತೆಗೆದು
"ಇವತ್ತೇ ಬಳಿ ದ್ಯಾವಿ" ಅಂದ.

ಬಿಚ್ಚಿದರೆ ಮೂರು ಹೆಸರು.
ಒಂದರ ಕೆಳಗೆ ಪುಟ್ಟದೇನೋ ಜೋತಿದೆ,
ಬಾವಲಿಯಲ್ಲ, ಬೇರೆ ಯಾವುದೋ.
ಹಿತ್ತಿಲಲ್ಲಿ ಕೆಂಚರಸನ ಮೊಮ್ಮಕ್ಕಳು
ಇನ್ನೂ ಕುಂಟೆಬಿಲ್ಲೆ ಆಡುತ್ತಿವೆ.
ಅಂಟು ಒಲೆಯ ಮೇಲೆ ಗಟ್ಟಿಯಾಗುತ್ತಿದೆ.
ಸೀಗೆಪುಡಿ ಇದೆ.
ಯಾರ ಬಚ್ಚಲಿಗೆ ಒಯ್ಯಲಿ?