ಹನ್ನೆರಡು ಪರ್ಸೆಂಟು

ನೈವೇಲಿಯಿಂದ ಲಾರಿ ಬಂದಾಗ ಹೊಸೂರಿನಲ್ಲಿ ಇನ್ನೂ ಬೆಳಕಾಗಿರಲಿಲ್ಲ.
ನಲವತ್ತು ಮೂಟೆ. ಇಳಿಸಿದ ಜಾಗದಲ್ಲೆಲ್ಲ ಒದ್ದೆ ಕಲೆ.
ಇಳವರಸನ್ ಸಾರು ಒಂದು ಹೆಂಟೆ ಕೈಗಿಟ್ಟು
"ಪಳುಪ್ಪು ನಿಲಕ್ಕರಿ" ಅಂದರು.
ಕಲ್ಲೂ ಅಲ್ಲ, ಇದ್ದಿಲೂ ಅಲ್ಲ;
ಉಗುರು ತಾಗಿದರೆ ಗೀರು,
ಒಂದು ಮಗ್ಗುಲಲ್ಲಿ ಇನ್ನೂ ಮರದ ಎಳೆ.
ನಾನು ಅದಕ್ಕೆ ಹಸಿ ಕರಿ ಎಂದು ಹೆಸರಿಟ್ಟೆ.

ನನ್ನ ಕೆಲಸ ತೂಗುವುದು.
ಹತ್ತು ಗ್ರಾಂ ತಟ್ಟೆಗೆ, ತಟ್ಟೆ ಒಲೆಗೆ,
ನೂರಾಐದು ಡಿಗ್ರಿ, ಮತ್ತೆ ತೂಗು, ಮತ್ತೆ ಇಡು,
ಅಂಕಿ ಅಲುಗದಾಗುವ ತನಕ.
ಹತ್ತರಲ್ಲಿ ಐದು ಗ್ರಾಮಿಗೂ ಮೇಲೆ ಬರೀ ನೀರು.
ಅರ್ಧ ಬಾಡಿಗೆ ನೀರಿಗೇ ಕೊಟ್ಟೆವಲ್ಲ ಎಂದು
ಓನರು ಮೂಟೆಗಳನ್ನು ಬೈದರು.

ಷೆಡ್ಡಿನ ನಡುವೆ ಉಕ್ಕಿನ ಹಂಡೆ, ಎರಡಾಳೆತ್ತರ.
ತಳದ ತಟ್ಟೆಗೆ ಸಾವಿರದ ಎಂಟುನೂರು ತೂತು,
ಒಂದೊಂದೂ ತಿಮ್ಮರಾಯಪ್ಪನ ಕೈಯದು;
ಎಳ್ಳು ಇಳಿಯಬಾರದು, ಗಾಳಿ ನಿಲ್ಲಬಾರದು.
ಕೆಳಗಿನಿಂದ ಬಿಸಿ ಗಾಳಿ ಊದಿದರೆ
ಪುಡಿಯಾದ ಕರಿ ಎದ್ದು ತೇಲಬೇಕು,
ತೇಲುತ್ತ ಒಣಗಬೇಕು.
ಕಾಗದದಲ್ಲಿ ಹಾಗಿತ್ತು.

ಮೊದಲ ದಿನ ಗಾಳಿ ಒಂದೇ ಕಡೆ ಇಲಿಬಿಲ ಕೊರೆದುಕೊಂಡು ಹೋಯಿತು,
ಮಿಕ್ಕದ್ದು ಮುದ್ದೆಯಾಗಿ ಕೂತುಬಿಟ್ಟಿತು.
ಎರಡನೆಯ ದಿನ ಹಂಡೆ ಬಿಕ್ಕಳಿಸಿತು.
ಮೂರನೆಯ ದಿನ ಚಾಂದ್‌ಪಾಶಾನ ರೆಪ್ಪೆಯವರೆಗೆ ಕಂದು ಪುಡಿ,
ನಕ್ಕರೆ ಹಲ್ಲು ಮಾತ್ರ ಅವನದು.

ನನ್ನಪ್ಪ ಡೆಂಕಣಿಕೋಟೆಯಲ್ಲಿ ಪುರಿ ಭಟ್ಟಿ ಇಟ್ಟಿದ್ದ.
ಕಾದ ಮರಳಿಗೆ ಅಕ್ಕಿ ಸುರಿದು ಕಿವಿಗೊಟ್ಟು ನಿಲ್ಲುತ್ತಿದ್ದ.
ಕಣ್ಣನ್ನ ನಂಬಬೇಡ, ಹೊಗೆ ಸುಳ್ಳು ಹೇಳುತ್ತೆ,
ಚರಚರ ಬಿಟ್ಟು ಸರಸರ ಅನ್ನೋವಾಗ
ಜರಡಿ ಎತ್ತು ಅನ್ನುತ್ತಿದ್ದ.
ಭಟ್ಟಿ ಮುಚ್ಚಿ ಹನ್ನೊಂದು ವರ್ಷ.
ನಾಲ್ಕನೆಯ ದಿನ, ಹಂಡೆಯ ಪಕ್ಕ ನಿಂತಾಗ,
ಆ ಕಿವಿ ನನ್ನಲ್ಲಿ ಉಳಿದಿದೆ ಎಂದು ಗೊತ್ತಾಯಿತು.

"ಸಾರ್, ಇನ್ನೊಂಚೂರು ಗಾಳಿ" ಅಂದೆ.
ಅವರು ಮೀಟರು ನೋಡಿದರು.
ತಿಮ್ಮರಾಯಪ್ಪ ನನ್ನನ್ನು ನೋಡಿ
ವಾಲ್ವು ಕಾಲು ಸುತ್ತು ತಿರುಗಿಸಿದ.

ಚರಚರ ನಿಂತಿತು.
ಗಾಜಿನ ಕಿಂಡಿಯಲ್ಲಿ ಕರಿ ಮೆಲ್ಲನೆ ಉಬ್ಬಿ, ಸಡಿಲಾಗಿ,
ಕುದಿಯತೊಡಗಿತು.
ಗುಳ್ಳೆ ಎದ್ದು ಒಡೆದು ಮತ್ತೆ ಗುಳ್ಳೆ,
ಒಲೆಯ ಮೇಲಿನ ಅಂಬಲಿಯ ಹಾಗೆ.
ಮೇಲಿನ ಬಾಯಿಯಿಂದ ಬಿಟ್ಟ ನಟ್ಟು ಮುಳುಗಿತು,
ಮರದ ಬಿರಡೆ ತೇಲಿತು.
ಒಳಗಿನ ನೀರನ್ನು ಕಳೆದುಕೊಳ್ಳುವ ಹೊತ್ತಿಗೇ
ಅದು ನೀರಿನ ನಡೆ ಕಲಿತಿತ್ತು.

ಕೊಳವೆಯಲ್ಲಿ ಹಬೆ ತಣ್ಣಗಾಗಿ ಬಕೆಟ್ಟಿಗೆ ತೊಟ್ಟಿಕ್ಕಿತು.
ಚಹಾದ ಬಣ್ಣ, ಹಳೇ ಕೊಡೆಯ ವಾಸನೆ.
ಮನುಷ್ಯರೇ ಇಲ್ಲದ ಕಾಲದ ಕಾಡಿನ ಮಳೆ ಇದು, ಎಂದರು ಸಾರು.
ಚಾಂದ್‌ಪಾಶಾ ಬೆರಳದ್ದಿ ಮೂಸಿ ಪ್ಯಾಂಟಿಗೆ ಒರೆಸಿಕೊಂಡ.
ಮೋರಿಗೆ ಸುರಿಯಬೇಡಿ, ಬೋರ್ಡಿನವರು ದಂಡ ಹಾಕುತ್ತಾರೆ, ಎಂದರು ಓನರು.
ಅಷ್ಟು ದೂರದಿಂದ ಬಂದ ಮಳೆ ಹದಿನೆಂಟು ಬಕೆಟ್ಟಾಗಿ
ಗೋಡೆಗೆ ಸಾಲಾಗಿ ನಿಂತಿತು.

ಪೂರ್ತಿ ಯಾಕೆ ಒಣಗಿಸಬಾರದು, ಕೇಳಿದೆ.
ಹನ್ನೆರಡು ಪರ್ಸೆಂಟು ಅದರಲ್ಲೇ ಬಿಡಬೇಕಮ್ಮ;
ಚೂರೂ ತೇವ ಇಲ್ಲದಿದ್ದರೆ ಬೆಂಕಿ ಇಡುವವರೇ ಬೇಡ,
ಗಾಳಿ ಸೋಕಿ ತಾನೇ ಹೊತ್ತಿಕೊಳ್ಳುತ್ತದೆ.
ಬೀಡಿ ಹುಡುಕುತ್ತಿದ್ದ ತಿಮ್ಮರಾಯಪ್ಪ
ಜೇಬಿನಿಂದ ಕೈ ತೆಗೆದ.

ಸಂಜೆ ನೋಟುಬುಕ್ಕಿನಲ್ಲಿ ಬರೆದೆ: ೧೨.೪.
ಇಂಗ್ಲಿಷ್ ಅಂಕಿ ಹಾಕಮ್ಮ, ಎಂದರು ಓನರು.
ಪಕ್ಕದಲ್ಲಿ ಹಾಕಿದೆ. ಮೊದಲಿನದನ್ನು ಹೊಡೆದುಹಾಕಲಿಲ್ಲ.

ರಾತ್ರಿ ಬಾಗಲೂರು ಕಡೆಯಿಂದ ಮಳೆ ಬಂತು.
ಒಂದು ಚೀಲದ ಬಾಯಿ ಕಟ್ಟುವುದು ಮರೆತಿದ್ದೆವು.
ಬೆಳಿಗ್ಗೆ ಅದರಿಂದ ಹತ್ತು ಗ್ರಾಂ ತೂಗಿ
ಒಲೆಗಿಟ್ಟು ಮತ್ತೆ ತೂಗಿದೆ:
೧೫.೧.
ಷೆಡ್ಡಿನೊಳಗೆ ಒಂದು ಹನಿಯೂ ಬಿದ್ದಿರಲಿಲ್ಲ.