ಇಪ್ಪತ್ತಕ್ಕಿಂತ ಕಡಿಮೆ

ಭೋಸರಿಯ ಶೆಡ್ಡಿನಲ್ಲಿ ನನ್ನದು ಅಳೆಯುವ ಕೆಲಸ.
ಲೇಥಿನಿಂದ ಬಿಸಿಬಿಸಿ ಇಳಿದ ಶಾಫ್ಟನ್ನು
ವರ್ನಿಯರಿನ ದವಡೆಗಳ ನಡುವೆ ಹಿಡಿದು
ಪಾಸು, ಇಲ್ಲವೇ ಗುಜರಿ ಎಂದು ಸೀಮೆಸುಣ್ಣ ಎಳೆಯುವವ.
ಮೂರು ತಿಂಗಳಿಗೊಮ್ಮೆ, ಕಾರ್ಖಾನೆಗಳಿಗೆ ಕರೆಂಟಿಲ್ಲದ ಗುರುವಾರ,
ನನ್ನನ್ನು ಬೇರೆಯವರು ಅಳೆಯುತ್ತಾರೆ.

ಅಲ್ಲಿ ಹೆಸರಿಲ್ಲ. ನೂರಾ ಹದಿನೇಳು.
ಕೂಗುವವಳು ನಲಿನಿ ತಾಯಿ.
ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ;
ಚಡಚಣ ಬಿಟ್ಟು ಬಂದ ಹೊಸತರಲ್ಲಿ
ಊರ ತುಂಬ ಇಷ್ಟೊಂದು ತಾಯಂದಿರೇ ಎಂದು ಬೆರಗಾಗಿದ್ದೆ.
ತೋಳಿಗೆ ರಬ್ಬರು ಬಿಗಿದು, ನರ ತಟ್ಟಿ ಎಬ್ಬಿಸಿ,
ನೇರಳೆ ಮುಚ್ಚಳದ ನಳಿಗೆಗೆ ಇಳಿಸುತ್ತಾಳೆ ನನ್ನನ್ನು.

ಮೊದಲ ಸಲ ಎರಡು ಲಕ್ಷ ಎಂಬತ್ತಾರು ಸಾವಿರ.
ಇಡೀ ಮೈಯಲ್ಲಾ, ಅಂದೆ.
ಒಂದೇ ಒಂದು ಮಿಲಿಲೀಟರಿನಲ್ಲಿ, ಅಂದಳು.
ನಮ್ಮ ಕಂಪನಿಯ ಮೂರು ವರ್ಷದ ಮಾಲು ಅದು,
ರಾತ್ರಿಪಾಳಿ, ಓಟಿ ಎಲ್ಲ ಸೇರಿ.
ಯಾರು ಕೊಟ್ಟ ಆರ್ಡರು, ಯಾವ ಗಿರಾಕಿಗೆ?

ಆಮೇಲೆ ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ.
ನಾಲ್ಕು ಸಾವಿರದ ನೂರು.
ನೂರಾ ಎಂಬತ್ತು.
ಮತ್ತೆ ಬಂದ ಕಾಗದದಲ್ಲಿ ಅಂಕಿಯ ಜಾಗದಲ್ಲಿ ಮಾತು:
ಇಪ್ಪತ್ತಕ್ಕಿಂತ ಕಡಿಮೆ.

ಸೊನ್ನೆಯಾ ತಾಯಿ?
ಸೂಜಿಯನ್ನು ಡಬ್ಬಿಗೆ ಬೀಳಿಸುತ್ತ ಅವಳು,
ಅದರ ಕೆಳಗೆ ಎಣಿಸಲು ನಮ್ಮ ಯಂತ್ರಕ್ಕೆ ಬರೋದಿಲ್ಲ, ಅಂದಳು.
ನನಗೆ ಹೇಳಿಕೊಡಬೇಕೆ?
ನನ್ನ ವರ್ನಿಯರೂ ಇಪ್ಪತ್ತು ಮೈಕ್ರಾನಿನ ಕೆಳಗೆ ಕುರುಡು.
ಅಲ್ಲಿನ ಗೀರು ಗೀರಲ್ಲ, ಮಾಲು ಪಾಸು.
ಆದರೂ ಉಗುರು ಆಡಿಸಿದರೆ
ಒಮ್ಮೊಮ್ಮೆ ತಗಲುತ್ತದೆ.

ಇನ್ನೊಂದು ಪರೀಕ್ಷೆಯಿದೆ. ಅದು ಪಾಸಾಗುವುದೇ ಇಲ್ಲ.
ಬಂದವನ ಮೈಯನ್ನು ಮರಳಿಗೆ ಒತ್ತಿ
ಅಚ್ಚು ತೆಗೆದಿಟ್ಟಿದೆ ನನ್ನ ರಕ್ತ.
ಪ್ರತಿಕಾಯ ಅನ್ನುತ್ತಾರೆ.
ಎರಕ ನಿಂತು ಎಷ್ಟು ದಿನವಾಯಿತು, ಕುಲುಮೆ ತಣ್ಣಗಿದೆ,
ಅಂಚು ಒಂದಿಷ್ಟು ಸವೆದಿರಬಹುದು,
ಅಚ್ಚನ್ನು ಮಾತ್ರ ಒಡೆಯುವುದಿಲ್ಲ ಅದು.
ಯಾವಾಗ ಕೇಳಿದರೂ ಎತ್ತಿ ತೋರಿಸುತ್ತದೆ:
ಇವನೇ, ಹೀಗೇ ಇದ್ದ.

ಕಂಪನಿ ಶುರುವಾದ ದಿನ ರಕ್ತದಾನ.
ಕೊಟ್ಟವರಿಗೆಲ್ಲ ಬಿಸ್ಕತ್ತು, ಒಂದು ಸ್ಟೀಲು ಡಬ್ಬಿ.
ಏ ಕಾನಡಿ, ನಿನ್ನ ಸರದಿ, ಅಂದ ಘೋರ್ಪಡೆ.
ಬಿಪಿ ಐತ್ರೀ ಸಾಹೇಬ್ರ, ಅಂದೆ.
ಹೋದ ವರ್ಷ ಕಾಮಾಲೆ ಆಗಿತ್ತು ಅಂದಿದ್ದೆ.
ಮುಂದಿನ ವರ್ಷಕ್ಕೆ ಯಾವ ರೋಗ ಎಂದು
ಈಗಲೇ ಹುಡುಕಿಡಬೇಕು.

ಸುಗಲಾಳ ಪರೀಕ್ಷೆಯೂ ಆಗುತ್ತದೆ, ವರ್ಷಕ್ಕೆರಡು ಸಲ.
ಅವಳದು ಪ್ರತಿ ಸಲ ಇಲ್ಲ, ಇಲ್ಲ.
ಆ ಕಾಗದಗಳನ್ನು ಅವಳು ರೇಷನ್ ಕಾರ್ಡಿನೊಳಗೆ ಇಡುತ್ತಾಳೆ,
ನನ್ನವುಗಳ ಜೊತೆಗೇ, ಬೇರೆ ಮಾಡದೆ.

ಎಲ್ಲರ ಮನೀಗೂ ಡಬ್ಬಿ ಬಂದೈತಂತ, ಅಂದಳು ಈವತ್ತು.
ನಾನು ಮಾತಾಡಲಿಲ್ಲ.
ಪಕ್ಕ ಕೂತು ನನ್ನ ತೋಳನ್ನು ಮಡಿಲಿಗೆ ಎಳೆದುಕೊಂಡು
ಸೂಜಿ ಚುಚ್ಚಿದ ಜಾಗದ ಮೇಲೆ
ಮೆಲ್ಲಗೆ ಉಗುರು ಆಡಿಸಿದಳು.
ತಗಲಿತೇ ಎಂದು ನಾನು ಕೇಳಲಿಲ್ಲ.
ಒಂಬತ್ತಾಗಲು ಇನ್ನೂ ಹತ್ತು ನಿಮಿಷವಿತ್ತು.