ಪೂರೊವಿನ ನೀರಿನ ಬಟ್ಟಲು

ಪೂರೊ ಅಂದರೆ ನಮ್ಮಲ್ಲಿ ಗಂಜಿ.
ಮೈಬಣ್ಣ ನೋಡಿ ಮಗಳು ವೆನ್ಲಾ ಇಟ್ಟ ಹೆಸರು:
ಬೆಂದ ಓಟ್ಸಿನ ಮೇಲೆ ಬೆಣ್ಣೆ ಕರಗುತ್ತಿರುವ ಬಣ್ಣ.
ನವೆಂಬರಿನಲ್ಲಿ ಔಲು ಊರಿಗೆ ಮೂರು ಗಂಟೆಗೇ ರಾತ್ರಿ.
ಈ ಮನೆಯಲ್ಲಿ ಎಲ್ಲರಿಗಿಂತ ಬೆಚ್ಚಗಿರುವುದು ಅದೇ,
ಗಾಜಿನ ಪೆಟ್ಟಿಗೆಯೊಳಗೆ,
ಕರೆಂಟು ಬಿಲ್ಲಿನ ಪರಿವೆಯಿಲ್ಲದೆ.

ಗುರುವಾರ ಅದು ನೀರಿನ ಬಟ್ಟಲಲ್ಲಿ ಸುತ್ತಿಕೊಂಡು ಮಲಗಿತ್ತು.
ಶುಕ್ರವಾರವೂ.
ಶನಿವಾರ ಇಲಿ ಹಿಡಿದರೆ ಮುಖ ತಿರುಗಿಸಿತು.
ಎತ್ತಿಕೊಂಡೆ. ಬಟ್ಟಲ ತಳದಲ್ಲಿ
ಗಸಗಸೆಯಷ್ಟು ಕರಿ ಚುಕ್ಕೆಗಳು.
ಮಣ್ಣಿರಬೇಕು ಅಂದುಕೊಂಡೆ.
ಮಣ್ಣು ಕಾಲಾಡಿಸುವುದಿಲ್ಲ.

ಬಿಳಿ ಕಾಗದ ಒದ್ದೆ ಮಾಡಿ
ಕುತ್ತಿಗೆಯಿಂದ ಬಾಲದವರೆಗೆ ಹಗುರಾಗಿ ಎಳೆದೆ.
ಹನ್ನೊಂದು ಸಿಕ್ಕವು.
ಒಂದನ್ನು ಉಗುರಿನಲ್ಲಿ ಒತ್ತಿದೆ: ಕೆಂಪು.
ಆ ರಕ್ತ ನುಸಿಯದಲ್ಲ.
ಕಣ್ಣಿನ ಅಂಚಿನಲ್ಲಿ ಇನ್ನೆರಡು ಕಚ್ಚಿ ಕೂತಿದ್ದವು,
ಮುಚ್ಚಲು ರೆಪ್ಪೆಯಿಲ್ಲದ ಕಣ್ಣು,
ಕೆರೆದುಕೊಳ್ಳಲು ಕೈಯಿಲ್ಲದ ಮೈ.
ನೀರಿಗಿಳಿದು ಮಲಗುವುದೊಂದೇ
ಅದಕ್ಕೆ ಗೊತ್ತಿದ್ದ ದೂರು.

ಅಪ್ಪನಿಗೆ ಫೋನು ಮಾಡಿದೆ.
ಹಾವಿಗೆ ಅಡಗಲು ಜಾಗ ಬೇಕಂತೆ ಎಂದು
ಬೇಸಿಗೆಮನೆಯಿಂದ ಬರ್ಚ್ ತೊಗಟೆ ತಂದಿದ್ದ,
ಹೊಟ್ಟೆಗೆ ಚುಚ್ಚಬಾರದೆಂದು
ಎರಡು ಸಂಜೆ ಕೂತು ಚಾಕುವಿನಿಂದ ಅಂಚು ಸವರಿ.
‘ಇದು ನಿನ್ನ ತೊಗಟೆಯ ಕೆಲಸ’ ಅಂದೆ.
ಅವನ ಉಸಿರು ಕೇಳುತ್ತಿತ್ತು. ಆಮೇಲೆ
‘ಇರಬಹುದು’ ಅಂದು ಇಟ್ಟುಬಿಟ್ಟ.
ತೊಗಟೆಯನ್ನು ಸೌನಾದ ಒಲೆಗೆ ಹಾಕಿದೆ.
ಚೆನ್ನಾಗಿ ಉರಿಯಿತು.
ಬರ್ಚ್ ಯಾವತ್ತೂ ಚೆನ್ನಾಗಿಯೇ ಉರಿಯುತ್ತದೆ.

ಡಾಕ್ಟರ್ ರೌಟಿಯೊ ಭೂತಗನ್ನಡಿ ಇಳಿಸಿ ಹೇಳಿದಳು:
‘ಇವು ನಮ್ಮ ಕಾಡಿನವಲ್ಲ.
ಹಾವಿನಿಂದ ಹಾವಿಗೆ ಬರುತ್ತವೆ,
ಯಾರದೋ ಕೈ ಮೇಲೆ, ತೋಳಿನ ಮೇಲೆ ಕೂತು.
ಬೇರೆ ಹಾವು ಮುಟ್ಟಿದ್ದಿರಾ, ಇತ್ತೀಚೆಗೆ?’
ಅಕ್ಟೋಬರ್. ಕ್ರೀಡಾಂಗಣದಲ್ಲಿ ಹಾವುಗಳ ಮಾರಾಟ.
ಹಳದಿ ಹೆಬ್ಬಾವನ್ನು ಹೆಗಲಿಗೆ ಹಾಕಿಕೊಂಡು
ಫೋಟೋಕ್ಕೆ ನಕ್ಕವಳು ನಾನು.
ಅವತ್ತಿನ ಉಣ್ಣೆಯ ಅಂಗಿಯೇ ಈಗಲೂ ಮೈಮೇಲಿತ್ತು.
‘ಇಲ್ಲ’ ಅಂದೆ. ಬಾಗಿಲವರೆಗೆ ಹೋಗಿ
ವಾಪಸು ಬಂದು ‘ಹೌದು’ ಅಂದೆ.

ಹೊಟ್ಟೆಯಲ್ಲೂ ಹುಳುವಿರಬಹುದಂತೆ. ಹಿಕ್ಕೆ ಬೇಕಂತೆ.
ಉಪವಾಸ ಕೂತ ಹಾವಿನ ಹಿಕ್ಕೆಗೆ
ಮನೆಮಂದಿಯೆಲ್ಲ ಒಂಬತ್ತು ದಿನ ಕಾದೆವು.
ಕೊನೆಗೊಂದು ನಡುರಾತ್ರಿ ವೆನ್ಲಾ
ಹಬ್ಬದ ಸುದ್ದಿಯಂತೆ ಕೂಗಿ ಎಬ್ಬಿಸಿದಳು.
ಡಬ್ಬಿ ಫ್ರಿಜ್ಜಿನಲ್ಲಿ, ಜಾಮಿನ ಪಕ್ಕ,
‘ತಿನ್ನಬೇಡಿ’ ಅಂತ ಅವಳದೇ ಅಕ್ಷರ.
ಬೆಳಿಗ್ಗೆ ಅಂಚೆಗೆ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ.

ಅಪ್ಪನಿಗೆ ಮತ್ತೆ ಫೋನು ಮಾಡಲು ಧೈರ್ಯ ಬಂದದ್ದು ಆಮೇಲೆಯೇ.
‘ತೊಗಟೆಯದಲ್ಲವಂತೆ.’
‘ಹೂಂ.’ ಒಂದಿಷ್ಟು ಮೌನ. ‘ಹಾಸಲು ಕಾಗದ ಬೇಕಾಗುತ್ತದಲ್ಲ?’
ಅರವತ್ತು ಕಿಲೋಮೀಟರು ಹಿಮದಲ್ಲಿ ಓಡಿಸಿಕೊಂಡು ಬಂದ,
ಕಂಕುಳಲ್ಲಿ ಹಳೆಯ ಪತ್ರಿಕೆಗಳ ಕಟ್ಟು.
ತೊಗಟೆ ಎಲ್ಲಿ ಎಂದು ಕೇಳಲಿಲ್ಲ.

ಈಗ ಗಾಜಿನ ಮುಂದೆ ಕೂತಿದ್ದಾನೆ,
ಕನ್ನಡಕ ಮೂಗಿನ ತುದಿಗೆ.
ಪೂರೊ ಮಲಗಿರುವುದು ಆಗಸ್ಟಿನ ಮೀನುಗಾರಿಕೆ ಪುಟದ ಮೇಲೆ;
ಯಾರೋ ಹಿಡಿದ ಪೈಕ್ ಮೀನು ಎಷ್ಟು ಕಿಲೋ ಎಂಬುದು
ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿದೆ.
‘ಸರಿ ಸ್ವಲ್ಪ’ ಅನ್ನುತ್ತಾನೆ ಹಾವಿಗೆ.
ಅದು ಸರಿಯುವುದಿಲ್ಲ.
ಅಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾನೆ.